ದ್ರೌಪದಿಯ ನುಗ್ಗಿಗಿಡ, ಟ್ಯೂಬ್‌ಲೈಟಿನ ಪತಂಗ

ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಗೋಡೆಗೆ ಬೆನ್ನು ಕೊಟ್ಟಿದ್ದ ಆ ಸಾಲುಮನೆಗಳ ಚಾಳಿನಲ್ಲಿ ದ್ರೌಪದಿಗೆ ತನ್ನದು ಅಂತ ಇದ್ದದ್ದು ಒಂದು ನುಗ್ಗಿಗಿಡ. ಮದುವೆಯಾಗಿ ಬರುವಾಗ ಇಂಡಿ ಎಂಬ ತವರೂರಿನಿಂದ ಕೊಂಬೆಯೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ರೈಲಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದು ಊರಿದ್ದಳು. ಈಗ ಇಡೀ ಚಾಳಿನ ಸಾಂಬಾರಿಗೆ ಅದರದೇ ಕಾಯಿ.

ತೊಂಬತ್ತಾರರ ಮಳೆ ಹಿಡಿದದ್ದೇ ತಡ, ಟ್ಯೂಬ್‌ಲೈಟಿಗೆ ಹಳದಿ ಪತಂಗಗಳು ಮುತ್ತಿದವು. ಅವು ಇಟ್ಟ ಮೊಟ್ಟೆ ಒಡೆದು ಗಿಡದ ಬೊಡ್ಡೆ ತುಂಬ ಕಂಬಳಿಹುಳ! ಪಕ್ಕದ ಮನೆಯ, ಉಡುಪಿ ಕಡೆಯ ಜಯಲತಾ ಮಗಳನ್ನು ಎಳೆದುಕೊಂಡೇ ಬಂದಳು.

"ಕೈ ನೋಡು ಮಾರಾಯ್ತಿ, ಹುಳ ತಾಗಿ ಹೇಗೆ ದಡಿಕೆ ಎದ್ದಿದೆ! ಮರ ಕಡಿಸು, ಆಯ್ತಾ?"

"ಬ್ಯಾಸಿಗ್ಯಾಗ ಕಾಯಿ ಒಯ್ಯುವಾಗ ಚಾಳಿನ ಗಿಡ, ಹುಳ ಬಂದ ಮ್ಯಾಲ ನಂದೇನ್ರಿ ಅಕ್ಕಾರ?"

ಚಾಳಿನ ಸೆಕ್ರೆಟರಿ ರಮಾಕಾಂತ ತೀರ್ಪು ಕೊಟ್ಟೇಬಿಟ್ಟ: "ದ್ರೌಪದಿಬಾಯಿ, ಸಂಡೇ ಒಳಗೆ ಈ ನುಗ್ಗಿ ಝಾಡ್ ಹೋಗ್ಬೇಕು. ಬಸ್."

ಕಂಪನಿಯಲ್ಲಿ ಲೋಡಿಂಗ್ ಕೆಲಸ ಮಾಡುವ ಗಂಡ ಜಟ್ಟೆಪ್ಪ ತೋಳೇರಿಸಿದ. "ಊರಾಗಿನಂಗ ಪಂಜು ಹಚ್ಚಿ ಹುಳ ಸುಟ್ಟಬಿಡ್ತೀನಿ."

"ಗ್ವಾಡಿ ಆಚಿಗಿ ಕೆಮಿಕಲ್ ಡ್ರಮ್ ಅದಾವ. ಹುಳದ ಕೂಡ ಚಾಳೂ ಸುಡಾಂವೇನು?" ದ್ರೌಪದಿ ತಡೆದಳು.

ಭಾನುವಾರ, ಜಗಳಕ್ಕೆ ಸಜ್ಜಾಗಿ ಬಂದವರ ಎದುರಿಗೇ ದ್ರೌಪದಿ ಸಾಬೂನು ನೀರಿನ ಬಕೆಟ್ಟು, ಉದ್ದ ಕಸಬರಿಗೆ ತಂದಳು. ಹುಳಗಳನ್ನೆಲ್ಲ ಬಳಿದು ಬಕೆಟ್ಟಿಗೆ ಹಾಕಿದಳು. ಆಮೇಲೆ ಮಚ್ಚು ಎತ್ತಿ, ಸೊಂಟದೆತ್ತರಕ್ಕೆ ಗಿಡವನ್ನು ತಾನೇ ಕಡಿದಳು. ಕೊಂಬೆಗಳನ್ನು ತುಂಡು ಮಾಡಿ ಮನೆಗೊಂದರಂತೆ ಬಾಗಿಲಿಗೆ ಹೋಗಿ ಕೊಟ್ಟಳು.

"ಇದೆಂತಕ್ಕೆ?" ಅಂದಳು ಜಯಲತಾ.

"ಹಿತ್ತಲದಾಗ ಊರ್ರಿ ಅಕ್ಕಾರ. ಪತಂಗ ನೂರು ತತ್ತಿ ಒಂದ ಗಿಡದಾಗ ಇಟ್ಟು ಸಾಯತೈತಿ. ನುಗ್ಗಿ ಹಂಗಲ್ಲ, ಕಡದಷ್ಟೂ ಮನಿ ಮಾಡತೈತಿ."

"ನಿನ್ನ ಬುದ್ಧಿಯೇ ಬುದ್ಧಿ ಮಾರಾಯ್ತಿ!"

"ಸಾಕ್ರಿ, ನನ್ನ ನುಗ್ಗಿಮರ ಹತ್ತಸಬ್ಯಾಡ್ರಿ. ಹತ್ತಾಕ ಮರಾನೂ ಉಳಿದಿಲ್ಲ."

ಮರುವರ್ಷದ ಮಳೆಗೆ ಪತಂಗಗಳು ಮತ್ತೆ ಬಂದವು. ಚಾಳಿನ ಹಿಂದೆ ಈಗ ಸಾಲು ನುಗ್ಗಿ. ಮೊಂಡು ಬೊಡ್ಡೆಯಿಂದ ಚಿಗುರಿ ಆಳೆತ್ತರ ಬೆಳೆದಿದ್ದ ತನ್ನ ಗಿಡದ ಹುಳವನ್ನು ದ್ರೌಪದಿ ಬಳಿಯುತ್ತಿದ್ದರೆ, ಆಚೆ ತನ್ನ ಗಿಡದ ಬುಡದಿಂದ ರಮಾಕಾಂತ ಕೂಗಿದ: "ದ್ರೌಪದಿಬಾಯಿ, ಬಕೆಟ್ಟಿಗೆ ಸಾಬೂನ್ ಕಿತನಾ ಹಾಕೋದು?"

ದ್ರೌಪದಿ ಜಯಲತಾಳತ್ತ ತಿರುಗಿದಳು. "ಅಕ್ಕಾರ, ಹುಳ ಭಾಳ ಆಗ್ಯಾವ. ನಿಮ್ಮ ಗಿಡ ಕಡಸೂಣೇನ್ರಿ?"

ಜಯಲತಾ ಕಸಬರಿಗೆಯನ್ನೇ ಎತ್ತಿದಳು. "ಮುಟ್ಟಿ ನೋಡು! ಕಡಿಲಿಕ್ಕೆ ಅದೇನು ನಿನ್ನ ಮರವಾ?"

ದ್ರೌಪದಿ ನಕ್ಕ ನಗುವಿಗೆ ಬಕೆಟ್ಟು ಉರುಳಿ, ಬಳಿದ ಹುಳವನ್ನೆಲ್ಲ ಮತ್ತೆ ಬಳಿಯಬೇಕಾಯಿತು.