ಮಾಳಿಗೆಯ ಮೇಲಿನ ಹೈಕೋರ್ಟು

ಈಗಷ್ಟೇ ಅಡುಗೆಮನೆಯಿಂದ ಸಂಡಿಗೆ ಕರಿಯುವ ವಾಸನೆ ಬಂತು. ನಿಮಗಾದರೆ ಊಟದ ನೆನಪಾಗುತ್ತಿತ್ತು. ನನಗೆ ಹೈಕೋರ್ಟಿನ ನೆನಪಾಯಿತು. ನಗಬೇಡಿ. ಅಫಜಲಪುರದಲ್ಲಿ ಕೂದಲು ನೆರೆಯುವವರೆಗೆ ವಕೀಲಿ ಮಾಡಿದ ನಾನು, ನನ್ನ ಬದುಕಿನ ಬಹುದೊಡ್ಡ ಕೇಸನ್ನು ನಡೆಸಿದ್ದು ನಮ್ಮ ಮನೆಯ ಮಾಳಿಗೆಯ ಮೇಲೆ, ಒಣಹಾಕಿದ ಸಂಡಿಗೆಗಳ ನಡುವೆ ನಿಂತು.

ಕೊರೋನಾದ ಮೊದಲ ಬೇಸಿಗೆ ಅದು. ಕೋರ್ಟಿನ ಗೇಟಿಗೆ ಬೀಗ ಬಿದ್ದಿತ್ತು. ದಿನ ಬೆಳಗಾದರೆ ಫೋನಿನಲ್ಲಿ ಹೊಸ ಹೊಸ ಕಾಯ್ದೆಗಳು ಬರುತ್ತಿದ್ದವು. ಹೊಲಕ್ಕೆ ಹೋದರೆ ತಪ್ಪೇ, ಮದುವೆಗೆ ಎಷ್ಟು ಜನ ಸೇರಬಹುದು ಎಂದು ಕಕ್ಷಿದಾರರು ಕೇಳುತ್ತಿದ್ದರು. ನನಗೇ ಗೊತ್ತಿಲ್ಲದಿದ್ದರೂ ಗಂಭೀರವಾಗಿ ಉತ್ತರಿಸುತ್ತಿದ್ದೆ. ಒಮ್ಮೆ ಕಾಯಿಪಲ್ಲೆ ತರಲು ಹೊರಟಾಗ ಚೌಕಿನಲ್ಲಿದ್ದ ಪೊಲೀಸರವನು ಲಾಠಿ ಅಡ್ಡ ಹಿಡಿದ. ವಕೀಲನೆಂದು ಹೇಳಿಕೊಂಡೆ. "ಹಂಗಾದ್ರ ನಿಮಗ ಜಾಸ್ತಿ ಗೊತ್ತಿರ್ಬೇಕಲ್ರಿ ಸಾಹೇಬ್ರ, ಮನ್ಯಾಗ ಕೂಡ್ರಿ" ಎಂದ. ಖಾಲಿ ಚೀಲ ಮಡಚಿಕೊಂಡು ಹಿಂದಿರುಗಿದೆ. ಇಷ್ಟು ವರ್ಷ ವಾದ ಮಾಡಿ ಗಳಿಸಿದ ಗತ್ತು ಆ ಚೌಕಿನಲ್ಲೇ ಉಳಿಯಿತು.

ಅಂಥ ದಿನಗಳಲ್ಲಿ ಅತನೂರಿನ ರೇಣುಕಾ ತನ್ನ ತಂದೆಯ ಜೊತೆ ನಮ್ಮ ಮನೆಗೆ ಬಂದಳು. ಜೇವರ್ಗಿಯ ಆಚೆ, ಯಡ್ರಾಮಿಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದ ಹುಡುಗಿ. ಅತನೂರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದಾಗ, ರೋಗದ ಕಾಲದಲ್ಲಿ ಸಾವಿನ ಮನೆಗೆ ಮೊಲೆಗೂಸನ್ನು ಒಯ್ಯಬೇಡ, ಮಣ್ಣು ಮುಗಿಸಿಕೊಂಡು ಬಾ ಎಂದು ಗಂಡ ಒಬ್ಬಳನ್ನೇ ಕಳಿಸಿದ್ದ. ಅಷ್ಟರಲ್ಲಿ ದಾರಿಗಳು ಮುಚ್ಚಿದವು. ಕೊನೆಗೆ ಪಾಸು ಸಿಕ್ಕಿತೆಂದು ಫೋನು ಮಾಡಿದರೆ, ಗಂಡ ಬೇರೆಯೇ ರಾಗ ತೆಗೆದ.

"ರೋಗ ತಗೊಂಡ್ ಬರಬ್ಯಾಡ, ಅಲ್ಲೇ ಇರು ಅಂದಾರ್ರಿ. ಕೂಸರೆ ಕೊಡ್ರಿ ಅಂದ್ರ, ಅದು ನಮ್ಮ ಮನೀ ಕೂಸು ಅಂತಾರ್ರಿ," ಎಂದಳು ರೇಣುಕಾ. ಹಳೆಯ ಜಗಳಗಳು ಇದ್ದವು. ರೋಗ ಅವನಿಗೆ ಒಳ್ಳೆಯ ನೆಪವಾಗಿತ್ತು. ಅವಳು ಅಳಲಿಲ್ಲ. ಸೆರಗನ್ನು ಎದೆಗೆ ಬಿಗಿಯಾಗಿ ಹಿಡಿದು ಕೂತಿದ್ದಳು. ಆಮೇಲೆ ನನ್ನ ಹೆಂಡತಿ ಹೇಳಿದ್ದು: ಹಾಲು ಬತ್ತಬಾರದೆಂದು ಆ ಹುಡುಗಿ ಹೊತ್ತುಹೊತ್ತಿಗೆ ಹಿಂಡಿ ಬೇವಿನ ಗಿಡದ ಬುಡಕ್ಕೆ ಚೆಲ್ಲುತ್ತಿದ್ದಳಂತೆ. ಕೂಸು ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ನನಗಿಂತ ಅವಳಿಗೆ ಹೆಚ್ಚಿತ್ತು.

ಹಿಡಿದಿಟ್ಟುಕೊಂಡ ವ್ಯಕ್ತಿಯನ್ನು ತಂದು ಕೋರ್ಟಿನ ಮುಂದೆ ನಿಲ್ಲಿಸಿ ಎಂದು ಕೇಳುವ ಒಂದು ಅರ್ಜಿಯುಂಟು. ಹೈಕೋರ್ಟಿಗೆ ಸಲ್ಲಿಸುವಂಥದ್ದು. ಪುಸ್ತಕದಲ್ಲಿ ಓದಿದ್ದೆ, ಹಾಕಿರಲಿಲ್ಲ. ಕಲಬುರಗಿಯ ಗೆಳೆಯರ ನೆರವಿನಿಂದ ಅದನ್ನು ಕಂಪ್ಯೂಟರಿನಲ್ಲೇ ಕಳಿಸಿದೆ. ತುರ್ತು ಕೇಸುಗಳನ್ನು ವಿಡಿಯೋದಲ್ಲಿ ಕೇಳುತ್ತಿದ್ದರು. ನ್ಯಾಯಮೂರ್ತಿಗಳು ಕೂಸನ್ನೂ ಅದರ ತಂದೆಯನ್ನೂ ಅಜ್ಜಿಯನ್ನೂ ಅಲ್ಲಿಯ ಪೊಲೀಸ್ ಠಾಣೆಗೆ ಕರೆಸಿ, ವಿಡಿಯೋದಲ್ಲಿ ತೋರಿಸಬೇಕೆಂದು ಆಜ್ಞೆ ಮಾಡಿದರು.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಮಾಳಿಗೆಯ ಮೇಲೆ, ನೀರಿನ ಟಾಕಿಯ ಪಕ್ಕ. ಅಂದು ಅಲ್ಲಿ ಸಂಡಿಗೆ ಹರಡಿತ್ತು. ತೆಗೆಯೆಂದು ಹೆಂಡತಿಗೆ ಹೇಳಿದರೆ, "ಹಸಿ ಅದಾವ್ರಿ, ಮುಟ್ಟಿದ್ರ ಮುರೀತಾವ. ನೀವ ಒಂದ್ ಮೂಲ್ಯಾಗ ನಿಂದರ್ರಿ" ಎಂದಳು. ಹಾಗೆ ನಮ್ಮ ಕಡೆಯ ಆ ಬಿಸಿಲಲ್ಲಿ ಕರೀ ಕೋಟು ತೊಟ್ಟು ನಿಂತೆ. ಪಕ್ಕದಲ್ಲಿ ರೇಣುಕಾ. ಹೆಂಡತಿ ಕೋಲು ಹಿಡಿದು ಕಾಗೆ ಓಡಿಸುತ್ತಿದ್ದಳು. ನಾನು "ಮೈ ಲಾರ್ಡ್" ಎಂದು ಬಾಯಿ ತೆರೆಯುವುದಕ್ಕೂ ಒಂದು ಕಾಗೆ ಕೂಗುವುದಕ್ಕೂ ಸರಿಹೋಯಿತು. "ವಕೀಲರೇ, ಒಬ್ಬೊಬ್ಬರಾಗಿ ಮಾತಾಡಿ," ಎಂದರು ನ್ಯಾಯಮೂರ್ತಿಗಳು. ಪರದೆಯಲ್ಲಿದ್ದವರೆಲ್ಲ ನಕ್ಕರು.

ಆಮೇಲೆ ಯಾರೂ ನಗಲಿಲ್ಲ.

ಕೂಸು ಸುಖವಾಗಿದೆ, ಆಕಳ ಹಾಲಿಗೆ ಹೊಂದಿಕೊಂಡಿದೆ, ತಾಯಿಯನ್ನು ಮರೆತಿದೆ ಎಂದು ಗಂಡನ ಪರ ವಕೀಲರು ವಾದಿಸಿದರು. ಅಚ್ಚುಕಟ್ಟಾಗಿತ್ತು ವಾದ. ನಾನು ಕಾಯ್ದೆಯ ಕಲಂ ಹುಡುಕುತ್ತಿದ್ದೆ. ಗಾಳಿಗೆ ಹಾಳೆಗಳು ಹಾರುತ್ತಿದ್ದವು. ಅಷ್ಟರಲ್ಲಿ ಠಾಣೆಯಲ್ಲಿ ಕೂಸು ಅತ್ತಿತು. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಿಂದ ಬಂದ ಅಳು. ರೇಣುಕಾ ತಟ್ಟನೆ ಬಾಗಿ ಎರಡೂ ಕೈಗಳಿಂದ ಎದೆ ಮುಚ್ಚಿಕೊಂಡಳು. ಕುಪ್ಪಸ ಒದ್ದೆಯಾಗತೊಡಗಿತ್ತು. ಹೆಂಡತಿ ಕೋಲು ಬಿಸಾಡಿ ಓಡಿಬಂದು ಅವಳಿಗೆ ಟವೆಲು ಹೊದಿಸಿದಳು. ನಾನು ಮುಖ ತಿರುಗಿಸಿದೆ. ಎಷ್ಟೋ ಮೈಲಿ ಆಚೆ, ಭೀಮಾ ಹೊಳೆಯಾಚೆ ಅತ್ತ ಕೂಸಿಗೆ ಇಲ್ಲಿ ಹಾಲು ಇಳಿದಿತ್ತು.

ನ್ಯಾಯಮೂರ್ತಿಗಳು ಕೂಸನ್ನು ಎತ್ತಿಕೊಂಡಿದ್ದ ಅಜ್ಜಿಯನ್ನು ಕೇಳಿದರು: "ಅಮ್ಮಾ, ಹೆದರಬೇಡಿ. ಮಗು ಹೇಗಿದೆ? ನೀವೇ ಹೇಳಿ."

ಅವರು ಶರಣಮ್ಮ, ರೇಣುಕಾಳ ಅತ್ತೆ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಪಕ್ಕದಲ್ಲಿದ್ದ ಮಗ ಮೊಳಕೈಯಿಂದ ತಿವಿದದ್ದು ನಮಗೆಲ್ಲ ಕಂಡಿತು. ಶರಣಮ್ಮ ಅವನತ್ತ ನೋಡಲಿಲ್ಲ.

"ನಾ ಹೆಂಗ ಸುಳ್ಳ ಹೇಳ್ಲಿರಿ ಸಾಹೇಬ್ರ? ಹೊತ್ತು ಮುಣಗಿದ್ರ ಕೂಸು ಬಾಗಲಾ ನೋಡ್ತದ್ರಿ. ಬಳಿ ಸಪ್ಪಳಾದ್ರ ನಗ್ತದ. ನಾ ಅಂತ ಗೊತ್ತಾದ್ ಕೂಡ್ಲೆ ಅಳ್ತದ."

"ಅವ್ವಾ, ಸುಮ್ನಿರು!" ಎಂದ ಮಗ.

"ನೀ ಸುಮ್ನಿರಲೇ. ಅವ್ರು ನನಗ ಕೇಳಾಕತ್ತಾರ," ಎಂದು ಶರಣಮ್ಮ ಪರದೆಗೆ ಇನ್ನಷ್ಟು ಹತ್ತಿರ ಬಂದರು. "ನನ್ನ ಮಗಾ ತಪ್ಪು ಮಾಡ್ಯಾನ್ರಿ. ಹುಕುಂ ಬರೀರಿ. ಕೂಸಿನ್ನ ನಾನೇ ಒಯ್ದು ಕೊಡ್ತೇನಿ."

ನಾನು ಹುಡುಕುತ್ತಿದ್ದ ಕಲಂ ಸಿಕ್ಕಿತ್ತು. ಓದುವ ಅಗತ್ಯ ಬೀಳಲಿಲ್ಲ. ಕೂಸನ್ನು ತಾಯಿಗೆ ಒಪ್ಪಿಸಬೇಕೆಂದು ಅಲ್ಲೇ ಆಜ್ಞೆಯಾಯಿತು.

ಮರುದಿನ ಬೆಳಿಗ್ಗೆ ಭೀಮೆಯ ಸೇತುವೆಯ ಈಚೆ ದಡದಲ್ಲಿ ನಾವು ನಿಂತಿದ್ದೆವು. ಎರಡೂ ತುದಿಗೆ ಪೊಲೀಸರ ಅಡ್ಡಗಟ್ಟು, ನಡುವೆ ಒಂದು ನಾಯಿಯೂ ಇಲ್ಲದ ಉದ್ದನೆಯ ರಸ್ತೆ. ಆಚೆ ಜೀಪಿನಿಂದ ಶರಣಮ್ಮ ಇಳಿದರು. ಬೇರೆ ಯಾರೂ ಸೇತುವೆಯ ಮೇಲೆ ಹೋಗುವಂತಿರಲಿಲ್ಲ. ಆ ಕಡೆಯಿಂದ ಅತ್ತೆ, ಈ ಕಡೆಯಿಂದ ಸೊಸೆ ನಡೆದರು. ಮಾಸ್ಕು ಹಾಕಿಕೊಂಡಿದ್ದ ರೇಣುಕಾಳನ್ನು ಕೂಸು ಗುರುತಿಸಲಿಲ್ಲ. ಅಜ್ಜಿಯ ಹೆಗಲಿಗೆ ಮುಖ ಒತ್ತಿತು. ಆಗ ಶರಣಮ್ಮನೇ ಕೈ ಚಾಚಿ ಸೊಸೆಯ ಮಾಸ್ಕನ್ನು ಕೆಳಗೆಳೆದರು. ದೂರ ದೂರ ನಿಲ್ಲಿ ಎಂದು ಬೆಳಗಿನಿಂದ ಕೂಗುತ್ತಿದ್ದ ಪೊಲೀಸರು ಆಗ ಲಾಠಿ ಕೆಳಗಿಳಿಸಿದರು. ಕೂಸು ನೋಡಿತು. ಮತ್ತೆ ನೋಡಿತು. ಆಮೇಲೆ ಇಡೀ ಮೈ ಮುಂದೆ ಬಾಗಿಸಿ ತಾಯಿಯ ಮೇಲೆ ಬಿದ್ದಿತು.

ಶರಣಮ್ಮ ಖಾಲಿ ಕೈಯಲ್ಲಿ ತಿರುಗಿ ನಡೆದದ್ದನ್ನು ನಾನು ಬಹಳ ಹೊತ್ತು ನೋಡಿದೆ. ಮಗನ ಮನೆಯಲ್ಲಿ ಅವರಿಗೆ ಮುಂದೇನು ಕಾದಿತ್ತೋ ಕೇಳುವ ಧೈರ್ಯ ನನಗಿರಲಿಲ್ಲ. ಕೋರ್ಟು ತೆರೆಯಿತು, ಜಮೀನಿನ ಕೇಸುಗಳು ಮರಳಿದವು, ನಾನೂ ಮರೆತೆ.

ಇವತ್ತು ಏನನ್ನಿಸಿತೋ, ರೇಣುಕಾಳ ನಂಬರು ಹುಡುಕಿ ಫೋನು ಹಚ್ಚಿದೆ. ಎಳೆಯ ದನಿಯೊಂದು ಎತ್ತಿಕೊಂಡಿತು.

"ಯಾರ್ರಿ?" ಎಂದಿತು. ಅಫಜಲಪುರದ ವಕೀಲನೆಂದೆ. "ಅವ್ವ ಹೊಲಕ್ಕ ಹೋಗ್ಯಾಳ್ರಿ. ಆಯಿ ಅದಾಳ, ಕೊಡ್ತೇನಿ ತಡೀರಿ."

ಆಯಿ, ಅಂದರೆ ಅಜ್ಜಿ? ರೇಣುಕಾಳ ತಾಯಿ ಆ ಬೇಸಿಗೆಯಲ್ಲೇ ತೀರಿಕೊಂಡಿದ್ದಳಲ್ಲ ಎಂದುಕೊಳ್ಳುವಷ್ಟರಲ್ಲಿ ಫೋನು ಕೈ ಬದಲಾಗಿತ್ತು. ಆ ದನಿಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತಿದ್ದೆ.

"ವಕೀಲ್ರಾ? ಛಲೋ ಅದೀರೇನ್ರಿ?" ಎಂದರು ಶರಣಮ್ಮ. "ನಾ ಇಲ್ಲೇ ಅತನೂರಾಗ ಇರ್ತೇನ್ರಿ ಈಗ. ಮಗನ ಮನ್ಯಾಗ ನಂದು ನಡೀಲಿಲ್ಲ. ಸುದ್ದಿ ಕೇಳಿ ರೇಣುಕಾನೇ ಬಂದು ಕರಕೊಂಡ್ ಬಂದ್ಲು. ಯಾವ ಕೋರ್ಟೂ ಹೇಳಿರ್ಲಿಲ್ರಿ ಆಕಿಗಿ."

ಹಿಂದಿನಿಂದ ಹುಡುಗಿ ಅವರನ್ನು ಕರೆಯುತ್ತಿದ್ದಳು. "ಇಡ್ತೇನ್ರಿ, ಈಕಿ ಬಿಡವಲ್ಲಳು," ಎಂದು ಅವರು ಫೋನಿಟ್ಟರು.

ನೋಡಿಕೊಂಡರೆ, ನ್ಯಾಯಮೂರ್ತಿಗಳು ಒಳಬಂದಾಗ ಏಳುವ ಹಾಗೆ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು.