ಮುಂದಿನ ಗಾಲಿಯ ಹತ್ತು ಮಿಲಿಮೀಟರ್

ಗಜೇಂದ್ರಗಡದ ಗುಡ್ಡ ಇಳಿಯುವಾಗ ನನ್ನ ನಾದಿನಿಯ ಸೈಕಲ್ಲಿನ ಮುಂದಿನ ಗಾಲಿ ಅದನ್ನು ಹಿಡಿದ ಫೋರ್ಕಿನಿಂದ ಜಾರಿದ್ದನ್ನು ನಾನು ಹಿಂದಿನಿಂದ ನೋಡಿದೆ. ಪೂರ್ತಿ ಕಳಚಲಿಲ್ಲ. ಕಲ್ಲಿನ ಇಳಿಜಾರಿನಲ್ಲಿ ಅವಳು ಜೋರಾಗಿ ಬ್ರೇಕ್ ಹಿಡಿದಳು, ಗಾಲಿ ಓರೆಯಾಯಿತು. ಸೈಕಲ್ಲನ್ನು ಒಂದು ಕಡೆ ಎಸೆದು ಅವಳು ಇನ್ನೊಂದು ಕಡೆ ಬಿದ್ದಳು. ನಾನು ಓಡಿ ಹೋದಾಗ ಅವಳ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅವಳ ಕಣ್ಣು ಮಾತ್ರ ಗಾಲಿಯ ಮೇಲಿತ್ತು.

“ವೈನಿ, ಮುಂಜಾನಿ ಗಾಲಿ ಲಿವರ್ ನಾನೇ ಬಿಗಿ ಮಾಡಿದ್ನಿ. ಹ್ಯಾಂಗ ಸಡ್ಲ ಆತಿದು?”

ಅವಳು ಗಜೇಂದ್ರಗಡದ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ನಾನು ನರಗುಂದದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಇಬ್ಬರೂ ರೋಣದ ಒಂದೇ ಮನೆಯಿಂದ ಬೆಳಿಗ್ಗೆ ಬೇರೆ ಬೇರೆ ದಿಕ್ಕಿಗೆ ಹೊರಡುವವರು. ಭಾನುವಾರ ಮಾತ್ರ ಗುಡ್ಡದ ಮೇಲೆ ಜೊತೆಯಾಗಿ ಸೈಕಲ್ ಹೊಡೆಯುತ್ತಿದ್ದೆವು. ನನ್ನದು ಕುಲುಕಾಟ ತಡೆಯುವ ಸಸ್ಪೆನ್ಷನ್ ಇಲ್ಲದ, ಗಾಲಿಗೆ ನಟ್ ಹಾಕಿ ಬಿಗಿದ ಸಾದಾ ಸೈಕಲ್. ಅವಳದು ಗುಡ್ಡಕ್ಕೆಂದೇ ಕೊಂಡದ್ದು.

ಮನೆಗೆ ಬಂದು ಗಾಲಿ ಬಿಚ್ಚಿ ನೋಡಿದೆ. ಅವಳ ಹಳೆಯ ಫೋರ್ಕಿನ ಎರಡೂ ಕಾಲುಗಳ ತುದಿ ಕೆಳಕ್ಕೆ ಬಾಯಿ ತೆರೆದಿತ್ತು. ಒಂಬತ್ತು ಮಿಲಿಮೀಟರಿನ ತೆಳ್ಳನೆಯ ಅಚ್ಚು, ಅಂದರೆ ಆಕ್ಸಲ್, ಆ ಬಾಯಿಯಲ್ಲಿ ಕೂತು, ಬರೀ ಪಕ್ಕದ ಮಡಚುವ ಲಿವರಿನ ಬಿಗಿತದಿಂದ ನಿಲ್ಲುತ್ತಿತ್ತು. ಡಿಸ್ಕ್ ಬ್ರೇಕ್ ಹಿಡಿದಾಗಲೆಲ್ಲ ಬಲ ಆಕ್ಸಲ್ಲನ್ನು ಕೆಳಮುಖವಾಗಿ ಅದೇ ಬಾಯಿಯತ್ತ ಎಳೆಯುತ್ತದೆ. ಲಿವರ್ ಸ್ವಲ್ಪ ಸಡಿಲಾದರೂ ಸಾಕು. ಹೊಸ ಫೋರ್ಕುಗಳಲ್ಲಿ ಆ ಬಾಯಿ ಇರುವುದಿಲ್ಲ. ಹದಿನೈದು ಮಿಲಿಮೀಟರಿನ ದಪ್ಪ ಆಕ್ಸಲ್ ಒಂದು ಕಾಲಿನ ರಂಧ್ರದಿಂದ ಗಾಲಿಯ ನಡುವಿನ ಹಬ್ಬಿನೊಳಗೆ ತೂರಿ, ಇನ್ನೊಂದು ಕಾಲಿನಲ್ಲಿ ತಿರುಪಿನಂತೆ ಕೂರುತ್ತದೆ. ಅಂಥದ್ದೇ ತರಬೇಕೆಂದು ಇಬ್ಬರೂ ಒಪ್ಪಿದೆವು. ಜಗಳ ಶುರುವಾದದ್ದು ಆಮೇಲೆ.

ಮುಂದಿನ ಭಾನುವಾರ ಹೊರಗಿನಿಂದ ಒಂದಿಷ್ಟು ಹೆಣ್ಣುಮಕ್ಕಳು ಗುಡ್ಡಕ್ಕೆ ಸೈಕಲ್ ತರುವವರಿದ್ದರು. ದಾರಿ ತೋರಿಸಲು ಇವಳು ಮಾತು ಕೊಟ್ಟಿದ್ದಳು. ಹಾಗಾಗಿ ಅವಸರದಲ್ಲಿ ಬೆಳಗಾವಿಯ ಗೆಳತಿಯೊಬ್ಬಳಿಂದ ಬಳಸಿದ ಫೋರ್ಕ್ ತರಿಸಿಕೊಂಡಳು. ಅದರ ಮೇಲಿನ ಕೊಳವೆ ನಮ್ಮ ಫ್ರೇಮಿಗೆ ಸರಿಯಾಗಿ ಕೂತಿತು. ಅವಳ ಹಬ್ಬಿನ ಎರಡು ತುದಿಯ ಮುಚ್ಚಳ ಬದಲಿಸಿದರೆ ದಪ್ಪ ಆಕ್ಸಲ್ಲೂ ಹಿಡಿಯುತ್ತಿತ್ತು. ಆದರೆ ಗಾಲಿ ಇಟ್ಟು ನೋಡಿದರೆ ಪಕ್ಕದಲ್ಲಿ ಜಾಗ ಉಳಿಯಿತು. ಅಳೆದೆ. ಹಬ್ಬಿನ ಅಗಲ ನೂರು ಮಿಲಿಮೀಟರ್, ಫೋರ್ಕಿನ ಕಾಲುಗಳ ನಡುವೆ ನೂರಾಹತ್ತು. ಆಕ್ಸಲ್ಲಿನ ದಪ್ಪ ಒಂದೇ, ಅಗಲದ ಅಳತೆ ಬೇರೆ.

“ನಡುವ ಒಂದು ರಿಂಗ್ ಹಾಕಿದ್ರ ಆತ್ರಿ,” ಎಂದಳು.

“ಎಡಕ್ಕ ಡಿಸ್ಕ್ ಐತಿ, ಅಲ್ಲಿ ರಿಂಗ್ ಹಾಕಿದ್ರ ಬ್ರೇಕ್ ಕೂಡೂದಿಲ್ಲ. ಬಲಕ್ಕ ಹಾಕಿದ್ರ ಗಾಲಿ ಒಂದ ಬಾಜೂಕ ಸರೀತೈತಿ. ಅಲ್ದ ಇದು ಎತ್ತರನೂ ಭಾಳ ಐತಿ, ಮುಂದಿನ ಭಾಗ ಮ್ಯಾಲೆದ್ದ ಕುಂದರತೈತಿ. ವಾಪಸ್ ಕಳಸು.”

“ನಿಮಗ ಎಲ್ಲಾ ಪುಸ್ತಕದಾಗಿದ್ದಂಗs ಆಗಬೇಕು,” ಎಂದು ಎದ್ದುಹೋದಳು.

ಶನಿವಾರ ಅವಳಿಗೆ ಅರ್ಧ ದಿನದ ಶಾಲೆ. ನಾನು ನರಗುಂದದಿಂದ ಬಂದಾಗ ಸೈಕಲ್ ಇರುವ ಜಾಗ ಖಾಲಿಯಿತ್ತು. ಅತ್ತೆ ಹಿತ್ತಲಿನಲ್ಲಿ ಬಟ್ಟೆ ತೆಗೆಯುತ್ತಿದ್ದರು.

“ಎಲ್ಲಿ ಹೋಗ್ಯಾಳ್ರಿ ಅತ್ತಿ?”

“ಲೇಥ್ ಅಂಗಡ್ಯಾಗ ಏನೋ ರಿಂಗ್ ಮಾಡಸಿದ್ಲಂತ. ಹಾಕ್ಕೊಂಡು, ನೋಡಿ ಬರ್ತೀನಂತ ಬಾಡಿಗಿ ಗಾಡ್ಯಾಗ ಸೈಕಲ್ ಹೇರ್ಕೊಂಡ ಗುಡ್ಡಕ್ಕ ಹೋದ್ಲು. ಯಾಕ, ಏನಾತು?”

ಏನೂ ಇಲ್ಲ ಎಂದೆ. ಫೋನ್ ಹಚ್ಚಿದೆ, ಸಿಗಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ ಸಿಗಲಿಲ್ಲ. ಸ್ಕೂಟರ್ ತೆಗೆದು ಗಜೇಂದ್ರಗಡದ ದಾರಿ ಹಿಡಿದೆ. ಎರೆಮಣ್ಣಿನ ಹೊಲಗಳ ನಡುವಿನ ಆ ರಸ್ತೆ ಅಷ್ಟು ಉದ್ದ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ತಿರುವುಗಳು, ಮೊಳಕಾಲೆತ್ತರದ ಕಲ್ಲಿನ ಮೆಟ್ಟಿಲು, ಅದರಾಚೆಯ ಕೊರಕಲು, ಎಲ್ಲವೂ ಒಂದೊಂದಾಗಿ ತಲೆಯಲ್ಲಿ ಬರುತ್ತಿದ್ದವು. ಆ ಮೆಟ್ಟಿಲಿನ ಮೇಲಿಂದ ಇಳಿಯುವಾಗ ದೇಹದ ಭಾರವೆಲ್ಲ ಮುಂದಿನ ಆಕ್ಸಲ್ಲಿನ ಮೇಲೆಯೇ ಬೀಳುತ್ತದೆ.

ಗುಡ್ಡದ ಬುಡದಲ್ಲಿ ಅವಳನ್ನು ಬಿಟ್ಟ ಗಾಡಿ ಇರಲಿಲ್ಲ. ಸ್ಕೂಟರ್ ನಿಲ್ಲಿಸಿ ಹತ್ತತೊಡಗಿದೆ. ಹೆಸರು ಹಿಡಿದು ಕೂಗಿದೆ. ಮೇಲೆ ಗಾಳಿ ಯಂತ್ರಗಳ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ದಾರಿಯ ಮಣ್ಣಿನಲ್ಲಿ ಟೈರಿನ ಗುರುತು ಹುಡುಕಿದೆ. ಹತ್ತಿದ ಗುರುತು ಇತ್ತು, ಇಳಿದದ್ದು ಇರಲಿಲ್ಲ. ಅದನ್ನು ನೋಡಿ ನನಗೆ ಸಮಾಧಾನವಾಗಬೇಕೋ ಹೆದರಿಕೆಯಾಗಬೇಕೋ ಗೊತ್ತಾಗಲಿಲ್ಲ.

ಎರಡನೆಯ ತಿರುವಿನಲ್ಲಿ ಅವಳು ಸಿಕ್ಕಳು. ಸೈಕಲ್ ತಳ್ಳಿಕೊಂಡು ನಿಧಾನ ಇಳಿಯುತ್ತಿದ್ದಳು. ಮೈಮೇಲೆ ಹೊಸ ಗಾಯವಿರಲಿಲ್ಲ. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ.

“ಮ್ಯಾಲಿಂದ ಸ್ವಲ್ಪ ದೂರ ಬಂದಿದ್ನಿ ಅಷ್ಟ. ಕಟ್ ಅಂತ ಸಪ್ಪಳಾತು,” ಎಂದಳು. “ಇಳದು ನೋಡಿದ್ರ ಆಕ್ಸಲ್ ಅರ್ಧ ಸುತ್ತು ಬಿಚ್ಚಿತ್ರಿ.”

ನಾನು ಬಗ್ಗಿ ನೋಡಿದೆ. ರಿಂಗಿನ ಒಂದು ಅಂಚು ಒಡೆದು ಒಳಗೆ ಸಿಕ್ಕಿಕೊಂಡಿತ್ತು. ಗಾಲಿ ಒಂದು ಕಡೆಗೆ ವಾಲಿ, ಟೈರು ಫೋರ್ಕಿನ ಕಾಲಿಗೆ ಸವರುತ್ತಿತ್ತು. ಮೆಟ್ಟಿಲು ಅಲ್ಲಿಂದ ಕೆಳಗೆ ಕೂಗಳತೆಯಲ್ಲಿತ್ತು.

“ಮೆಟ್ಲ ಮಟಾ ಹೋಗಿದ್ರ?” ಎಂದೆ.

ಅವಳು ಕೆಳಗಿನ ಮೆಟ್ಟಿಲಿನತ್ತ ನೋಡಿ, ಹ್ಯಾಂಡಲ್ ನೇರ ಮಾಡಿಕೊಂಡಳು. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನು ಅಲ್ಲೇ ಬಿಟ್ಟೆ. ಸೈಕಲ್ಲಿನ ಇನ್ನೊಂದು ಬದಿ ಹಿಡಿದೆ. ಇಬ್ಬರೂ ಸೇರಿ ತಳ್ಳುತ್ತ ಇಳಿದೆವು.

ಮರುದಿನ ಬಂದವರಿಗೆ ಅವಳು ನನ್ನ ಸಾದಾ ಸೈಕಲ್ಲಿನಲ್ಲೇ ದಾರಿ ತೋರಿಸಿದಳು. ಮೆಟ್ಟಿಲಿನ ಹತ್ತಿರ ಇಳಿದು, ಸೈಕಲ್ ಹೊತ್ತು ದಾಟಿದಳು. ಸಂಜೆ ಕುಲುಕಾಟಕ್ಕೆ ಅವಳ ಅಂಗೈಗಳು ಕೆಂಪಾಗಿ ಬಾತಿದ್ದವು. “ಹಲ್ಲು ಉದುರಲಿಲ್ಲ, ಅದs ದೊಡ್ಡದು,” ಎಂದು ಅತ್ತೆಯ ಮುಂದೆ ನಕ್ಕಳು. ಹಿಂದಿನ ದಿನದ ಸಂಗತಿ ಇಬ್ಬರೂ ಹೇಳಲಿಲ್ಲ.

ಗೆಳತಿಯಿಂದ ತರಿಸಿದ ಫೋರ್ಕ್ ಬೆಳಗಾವಿಗೆ ವಾಪಸ್ ಹೋಯಿತು. ಹೊಸದನ್ನು ಆರಿಸುವಾಗ ಅವಳೇ ಫೋನಿನಲ್ಲಿ ಕೇಳುವುದನ್ನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. “ಹದಿನೈದು, ಸರಿ. ನೂರೋ, ನೂರಾಹತ್ತೋ? ಖಾತ್ರಿ ಮಾಡ್ಕೊಂಡು ಹೇಳ್ರಿ.” ಕೆಲವು ವಾರಕ್ಕೆ ಅದು ಬಂತು. ಗಾಲಿ ಆಚೀಚೆ ಜಾಗ ಬಿಡದೆ ನೇರ ಕೂತಿತು. ಆಕ್ಸಲ್ಲಿನ ತಿರುಪು ಅವಳೇ ತಿರುಗಿಸಿದಳು.

ಅದರಲ್ಲಿ ಮೊದಲ ಸಲ ಇಳಿದ ದಿನ ನಾನು ಪ್ರತಿ ತಿರುವಿನಲ್ಲೂ ಅವಳನ್ನು ನಿಲ್ಲಿಸಿ ಆಕ್ಸಲ್ ಮುಟ್ಟಿ ನೋಡಿದೆ.

“ಎಷ್ಟ ಸಲ ನೋಡ್ತೀರಿ ವೈನಿ?”

“ನಿಲ್ಲು, ಇನ್ನೊಮ್ಮಿ.”

ಅವಳು ಗೊಣಗಲಿಲ್ಲ. ಒಂದು ಕಾಲು ನೆಲಕ್ಕೂರಿ, ನಾನು ನೋಡಿ ಮುಗಿಸುವವರೆಗೆ ನಿಂತಿದ್ದಳು.