ಕೀ ಬಿಡದ ಕಾರು

ಡಾಕ್ಟರಮ್ಮನ ಕಾರು ಓಡಿಸುವ ಹೆಂಗಸನ್ನು ಆಸ್ಪತ್ರೆಯವರೆಲ್ಲ ಗೇರಕ್ಕ ಎನ್ನುತ್ತಿದ್ದರು. ತೀರಿಹೋದ ಗಂಡನ ಟ್ಯಾಕ್ಸಿಯಲ್ಲಿ ಕೈ ಪಳಗಿಸಿಕೊಂಡವಳು. ಇಳಿಜಾರಿನಲ್ಲಿ ನಿಲ್ಲಿಸಿದರೆ ಗಾಡಿಯನ್ನು ಗೇರಿನಲ್ಲೇ ಬಿಟ್ಟು ಇಳಿಯಬೇಕು ಎಂಬುದು ಅವಳ ಮೈಗೆ ಹತ್ತಿದ ಪಾಠ.

ಡಾಕ್ಟರಮ್ಮ ಹಳೆಯದನ್ನು ಮಾರಿ ಆಟೊಮ್ಯಾಟಿಕ್ ಕಾರು ತಂದರು. ಕ್ಲಚ್ಚೇ ಇಲ್ಲ.

"ಇದು ಸಲೀಸು ಕಣಮ್ಮ, ನಾನೇ ಓಡಿಸ್ಕೋಬಹುದು. ಈ ವಾರ ನೀನು ಓಡಿಸು, ಆಮೇಲೆ ನೋಡೋಣ."

ಕೆಲಸ ಹೋಯಿತೆಂದೇ ಗೇರಕ್ಕ ಅಂದುಕೊಂಡಳು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮನನ್ನು ಇಳಿಸಿ, ಆಸ್ಪತ್ರೆಯ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಕೈಬ್ರೇಕ್ ಎಳೆದು, ಕೀ ತಿರುಗಿಸಿದಳು. ಇಂಜಿನ್ ನಿಂತಿತು, ಕೀ ಹೊರಗೆ ಬರಲಿಲ್ಲ. ಅಲ್ಲಾಡಿಸಿದಳು, ಊದಿದಳು, ಹಲ್ಲು ಕಚ್ಚಿ ಎಳೆದಳು.

"ಏನ್ ಗೇರಕ್ಕಾ, ಹೊಸ ಗಾಡಿ ನಿನ್ನ ಇಳಿಯೋಕೇ ಬಿಡ್ತಿಲ್ವಾ?" ಎಂದ ಗೇಟಿನ ಕಾವಲುಗಾರ.

ಗ್ಯಾರೇಜಿನಲ್ಲಿದ್ದ ತಮ್ಮನಿಗೆ ಫೋನ್ ಹಚ್ಚಿದಳು.

"ಗೇರ್ ಲಿವರ್ ಎಲ್ಲಿದೆ ಅಕ್ಕಾ?"

"ಇಳಿಜಾರಲ್ವೇನೋ, ರಿವರ್ಸ್ ಗೇರಲ್ಲಿ ಬಿಟ್ಟಿದೀನಿ."

"ಅಯ್ಯೋ ನನ್ ತಾಯಿ! ಇದ್ರಲ್ಲಿ ಇಂಜಿನ್ ನಿಂತ್ಮೇಲೆ ಗೇರು ಗಾಡಿನ ಹಿಡಿಯಲ್ಲ. ಲಿವರನ್ನ 'ಪಿ' ಅಂತ ಬರೆದಿರೋ ಪಾರ್ಕಿಗೆ ಹಾಕಿದ್ರೆ ಒಳಗೊಂದು ಕೊಕ್ಕೆ ಹಲ್ಲುಚಕ್ರಕ್ಕೆ ಬಿದ್ದು ಹಿಡ್ಕೊಳುತ್ತೆ. ಅಲ್ಲೀವರೆಗೂ ಕೀ ಬಿಡಲ್ಲ. ನಿನ್ನಂಥೋರು ಮರೆತು ಇಳಿದುಬಿಡ್ತಾರಲ್ಲ, ಅದಕ್ಕೇ."

ಬ್ರೇಕ್ ತುಳಿದು ಲಿವರನ್ನು ಪಾರ್ಕಿಗೆ ತಳ್ಳಿದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಕೀ ಬಂತು.

"ಹೊರಡೋವಾಗ್ಲೂ ಬ್ರೇಕ್ ತುಳಿದೇ ಎಳಿ. ತುಳಿದ್ರೇನೇ ಒಳಗಿನ ಅಗುಳಿ ಸರಿಯೋದು, ಇಲ್ದಿದ್ರೆ ಲಿವರ್ ಜಪ್ಪಯ್ಯ ಅಂದ್ರೂ ಕದಲಲ್ಲ."

"ಮೊದಲೇ ಬೊಗಳೋಕೇನಾಗಿತ್ತೋ?"

"ಹೇಳೋಕೆ ಬಂದ್ರೆ 'ನಂಗೇ ಪಾಠನಾ' ಅಂದೋರು ಯಾರು?"

ಸಂಜೆ ಡಾಕ್ಟರಮ್ಮ ಬರುವಷ್ಟರಲ್ಲಿ ಕಾವಲುಗಾರ ಸುದ್ದಿ ಮುಟ್ಟಿಸಿದ್ದ.

"ಕೀ ಸಿಕ್ಕಿಕೊಂಡಿತ್ತಂತೆ? ಹೊಸ ಕಾರಲ್ಲೇ ದೋಷವಾ?"

ಹೌದೆಂದರೆ ನಂಬುತ್ತಿದ್ದರೇನೋ. ಗೇರಕ್ಕ ಇದ್ದದ್ದನ್ನೇ ಹೇಳಿದಳು.

"ಕಾರಿಂದೇನಿಲ್ಲಮ್ಮ. ನಾನೇ ಹಳೇ ಚಾಳಿಗೆ ಗೇರಲ್ಲಿ ಬಿಟ್ಟಿದ್ದೆ. ಪಾರ್ಕಿಗೆ ಹಾಕ್ಬೇಕಿತ್ತು. ಹೊರಡೋವಾಗ ಬ್ರೇಕ್ ತುಳೀದಿದ್ರೆ ಲಿವರೂ ಬರಲ್ವಂತೆ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. ಆಚೀಚೆ ನೋಡಿ ದನಿ ಇಳಿಸಿದರು.

"ಬ್ರೇಕ್ ತುಳೀಬೇಕಾ? ನಿನ್ನೆ ಸಾಯಂಕಾಲ ನಾನೇ ಓಡಿಸೋಣ ಅಂತ ಕೂತೆ. ಲಿವರ್ ಎಳೆದೂ ಎಳೆದೂ ಸಾಕಾಗಿ, ಕೆಟ್ಟ ಕಾರು ಕೊಟ್ಟಿದೀರಿ ಅಂತ ಷೋರೂಮಿನವರಿಗೆ ಮಂಗಳಾರತಿ ಮಾಡಿ, ಅವರ ಮಾತೂ ಕೇಳದೆ ಫೋನ್ ಇಟ್ಟೆ. ಯಾರ ಹತ್ರನೂ ಆಡಬೇಡ."

"ನಾನ್ಯಾಕಮ್ಮ ಆಡ್ಲಿ."

ಅವರು ಹಿಂದಿನ ಬಾಗಿಲು ತೆಗೆದು ಕೂತು, ಚೀಲವನ್ನು ಪಕ್ಕಕ್ಕಿಟ್ಟುಕೊಂಡರು.

"ವಾರಗೀರ ಏನೂ ಬೇಡ, ನೀನೇ ಓಡಿಸ್ಕೊಂಡಿರು. ನಂಗೆ ಈ ಸೀಟೇ ವಾಸಿ."